ಕರುಳಿನ ಗಾಯ ಮಾಯಿತೆಂದು ತಿಳಿಯುವುದು ಹೇಗೆ?

ಒಂದು ಹಿಡಿ ಗೋಧಿಕಾಳನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿಯುತ್ತ ಹೋದರೆ ಹಿಟ್ಟೆಲ್ಲ ಕರಗಿ, ಎಳೆದಂತೆ ಹಿಗ್ಗುವ ಅಂಟಿನ ಮುದ್ದೆಯೊಂದು ನಾಲಗೆಯ ಮೇಲೆ ಉಳಿಯುತ್ತದೆ. ಹಳ್ಳಿಯ ಮಕ್ಕಳಿಗೆ ಇದು ಕಾಸಿನ ಖರ್ಚಿಲ್ಲದ ವಿನೋದ. ಚಪಾತಿಗೆಂದು ನಾದಿದ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೂ ಪಿಷ್ಟವು ಹಾಲಿನ ಬಣ್ಣದ ನೀರಾಗಿ ಹರಿದುಹೋಗಿ ಇದೇ ಅಂಟು ಕೈಯಲ್ಲಿ ನಿಲ್ಲುತ್ತದೆ. ಇದಕ್ಕೆ ಗ್ಲೂಟನ್ ಎಂದು ಹೆಸರು. ಇದು ಗೋಧಿಯಲ್ಲಿರುವ ಪ್ರೋಟೀನುಗಳ ಸಮೂಹ. ಚಪಾತಿಯನ್ನು ಹರಿಯದಂತೆ ತೆಳ್ಳಗೆ ಲಟ್ಟಿಸಲು ಸಾಧ್ಯವಾಗುವುದೂ, ಬ್ರೆಡ್ಡು ಹತ್ತಿಯಂತೆ ಉಬ್ಬುವುದೂ ಇದರಿಂದಲೇ. ಜೋಳದಲ್ಲಿ ಈ ಅಂಟು ಇಲ್ಲ. ಆದುದರಿಂದಲೇ ಜೋಳದ ರೊಟ್ಟಿಯನ್ನು ಕೈಯಿಂದ ತಟ್ಟಬೇಕಾಗುತ್ತದೆ. ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗೋಧಿಯ ಅಂಟಿಗೆ ದಾಯಾದಿಗಳಾದ ಪ್ರೋಟೀನುಗಳಿವೆ.

ನಮ್ಮಲ್ಲಿ ಬಹುಮಂದಿಗೆ ಈ ಅಂಟಿನಿಂದ ಯಾವ ಕೇಡೂ ಇಲ್ಲ. ಆದರೆ ಜಗತ್ತಿನ ಜನರಲ್ಲಿ ಸುಮಾರು ನೂರಕ್ಕೆ ಒಬ್ಬರ ಸಣ್ಣ ಕರುಳು ಇದನ್ನು ಸಹಿಸಲಾರದು. ಅಂಥವರು ಗೋಧಿಯನ್ನು ತಿಂದಾಗ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ತನ್ನ ಕರುಳಿನ ಒಳಮೈಯನ್ನು ಹಾಳುಮಾಡುತ್ತದೆ. ಇದೇ ಸೀಲಿಯಾಕ್ ರೋಗ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಕೆಲವು ಮಕ್ಕಳಿಗೆ ಬೆಳವಣಿಗೆಯ ಕುಂಠಿತ. ಇನ್ನು ಕೆಲವರಿಗೆ ಹೊಟ್ಟೆಯ ತೊಂದರೆಯೇ ಇಲ್ಲದೆ, ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ಹೋಗದ ರಕ್ತಹೀನತೆ. ಇದಕ್ಕೆ ಸದ್ಯಕ್ಕಿರುವ ಚಿಕಿತ್ಸೆ ಒಂದೇ: ಗೋಧಿ, ಬಾರ್ಲಿ, ರೈಗಳನ್ನು ಜೀವಮಾನವೆಲ್ಲ ವರ್ಜಿಸುವುದು.

ಹದಿನೆಂಟು ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿನಿಗೆ ಈ ರೋಗವಿದೆಯೆಂದು ತಿಳಿದುಬಂದಿತೆಂದು ಊಹಿಸಿಕೊಳ್ಳೋಣ. ಅವಳು ಗೋಧಿಯನ್ನು ಬಿಟ್ಟಳು. ಎರಡು ತಿಂಗಳೊಳಗಾಗಿ ಭೇದಿ ನಿಂತಿತು, ಹಸಿವು ಹುಟ್ಟಿತು, ಮುಖದಲ್ಲಿ ಕಳೆ ಬಂದಿತು. ವರ್ಷ ಕಳೆದ ಮೇಲೆ ರಕ್ತಪರೀಕ್ಷೆಯೂ ‘ದೋಷವಿಲ್ಲ’ ಎಂದಿತು. ಯುಗಾದಿಯ ದಿನ ಮನೆಯವರು ಕೇಳುತ್ತಾರೆ: “ಈಗ ಗುಣವಾಗಿದೆಯಲ್ಲ ತಾಯಿ, ಒಂದು ಹೋಳಿಗೆ ತಿಂದರೇನು?” ಹೋಳಿಗೆಯ ಕಣಕವು ಗೋಧಿಯದೋ ಮೈದಾದ್ದೋ ಆಗಿರುತ್ತದೆ, ಮೈದಾವಾದರೂ ಗೋಧಿಯೇ.

ಅವಳು ನಿಜವಾಗಿಯೂ ಗುಣವಾಗಿದ್ದಾಳೆಯೆ? ಕಣ್ಣಿಗೆ ಕಾಣದ ಗಾಯವೊಂದು ಮಾಯಿತೆಂದು ನಾವು ಹೇಗೆ ತಿಳಿಯುತ್ತೇವೆ? ಈ ಲೇಖನದ ವಿಷಯ ಇದು.

ಕರುಳಿನ ಒಳಮೈ

ಸಣ್ಣ ಕರುಳಿನ ಒಳಗೋಡೆಯು ನೀರಿನ ಕೊಳವೆಯಂತೆ ನುಣುಪಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಒತ್ತಾಗಿ ಪೈರು ನಿಂತ ಗದ್ದೆಯಂತೆ ಕಾಣುತ್ತದೆ. ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ಎತ್ತರವಿರುವ, ಬೆರಳಿನಾಕಾರದ ಅಸಂಖ್ಯಾತ ಅಂಕುರಗಳು ಅಲ್ಲಿರುತ್ತವೆ. ವೈದ್ಯರು ಇವನ್ನು ವಿಲ್ಲೈ ಎಂದು ಕರೆಯುತ್ತಾರೆ. ಅಂಕುರಗಳ ಬುಡದಲ್ಲಿ ಗೋಡೆಯೊಳಕ್ಕೆ ಇಳಿದಿರುವ ಸಣ್ಣ ಸಣ್ಣ ಕುಳಿಗಳಿವೆ.

ಈ ಏರ್ಪಾಡಿನ ಲಾಭವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಒಂದು ಅಂಕುರವನ್ನು ೦.೧ ಮಿಲಿಮೀಟರು ವ್ಯಾಸ, ೦.೬ ಮಿಲಿಮೀಟರು ಎತ್ತರದ ಸ್ತಂಭವೆಂದು ಭಾವಿಸೋಣ. ಅದರ ಪಾರ್ಶ್ವದ ವಿಸ್ತೀರ್ಣ ಸುಮಾರು ೦.೧೯ ಚದರ ಮಿಲಿಮೀಟರು. ಒಂದು ಚದರ ಮಿಲಿಮೀಟರು ಜಾಗದಲ್ಲಿ ಇಂಥ ೩೦ ಅಂಕುರಗಳಿದ್ದರೆ ಅವುಗಳಿಂದ ಒದಗುವ ಹೆಚ್ಚುವರಿ ವಿಸ್ತೀರ್ಣ ೫.೭ ಚದರ ಮಿಲಿಮೀಟರು. ಮೊದಲಿನ ಒಂದನ್ನು ಕೂಡಿಸಿದರೆ ೬.೭. ಎಂದರೆ ಅಂಕುರಗಳಿಂದಲೇ ಕರುಳಿನ ಮೇಲ್ಮೈ ಆರೇಳು ಪಟ್ಟು ಹೆಚ್ಚುತ್ತದೆ. ಪ್ರತಿಯೊಂದು ಅಂಕುರದ ಹೊದಿಕೆಯ ಜೀವಕೋಶಗಳಿಗೆ ಇನ್ನೂ ಸೂಕ್ಷ್ಮವಾದ ರೋಮಗಳಿದ್ದು, ಅವು ವಿಸ್ತೀರ್ಣವನ್ನು ಮತ್ತೆ ಹಲವು ಪಟ್ಟು ಹೆಚ್ಚಿಸುತ್ತವೆ. ಕರುಳನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಗಣದಷ್ಟಾದೀತೆಂದು ಹಳೆಯ ಪುಸ್ತಕಗಳಲ್ಲಿ ಬರೆದಿರುವುದುಂಟು. ೨೦೧೪ರಲ್ಲಿ ಪ್ರಕಟವಾದ ಅಳತೆಯಂತೆ ಅದು ಸುಮಾರು ೩೦ ಚದರ ಮೀಟರು, ಅಂದರೆ ಒಂದು ದೊಡ್ಡ ಕೋಣೆಯ ನೆಲದಷ್ಟು. ಅದೂ ಸಾಮಾನ್ಯವಾದುದಲ್ಲ.

ಸೀಲಿಯಾಕ್ ರೋಗದಲ್ಲಿ ಈ ಅಂಕುರಗಳು ಕುಗ್ಗಿ, ಮೊಂಡಾಗಿ, ಕಡೆಗೆ ಸಪಾಟಾಗುತ್ತವೆ. ನಮ್ಮ ಲೆಕ್ಕದ ೬.೭ ಎಂಬುದು ಒಂದಕ್ಕೆ ಇಳಿಯುತ್ತದೆ. ಆಹಾರ ಹೊಟ್ಟೆಗೆ ಹೋದರೂ ಅದನ್ನು ಹೀರಿಕೊಳ್ಳುವ ಮೈ ಇಲ್ಲದಂತಾಗುತ್ತದೆ. ಕಬ್ಬಿಣ, ಸುಣ್ಣದ ಅಂಶ, ಜೀವಸತ್ವಗಳು ಬಳಕೆಯಾಗದೆ ಹೊರಟುಹೋಗುತ್ತವೆ.

ಹಾನಿ ಉಂಟಾಗುವ ಬಗೆ

ಗ್ಲೂಟನ್ನಿನ ಪ್ರೋಟೀನುಗಳಲ್ಲಿ ಪ್ರೋಲೀನ್ ಮತ್ತು ಗ್ಲುಟಮಿನ್ ಎಂಬ ಅಮೈನೊ ಆಮ್ಲಗಳು ಹೇರಳವಾಗಿವೆ. ನಮ್ಮ ಜೀರ್ಣಕಿಣ್ವಗಳು ಪ್ರೋಲೀನ್ ಹೆಚ್ಚಾಗಿರುವ ಸರಪಳಿಯನ್ನು ಪೂರ್ತಿಯಾಗಿ ಕತ್ತರಿಸಲಾರವು. ೩೩ ಅಮೈನೊ ಆಮ್ಲಗಳ ಒಂದು ತುಂಡು ಎಲ್ಲ ಕಿಣ್ವಗಳಿಗೂ ಜಗ್ಗದೆ ಉಳಿಯುತ್ತದೆಂಬುದನ್ನು ೨೦೦೨ರಲ್ಲಿ ಕಂಡುಹಿಡಿದರು. ಇಂಥ ತುಂಡುಗಳು ಕರುಳಿನ ಗೋಡೆಯೊಳಕ್ಕೆ ಸೇರಿದಾಗ ಅಲ್ಲಿರುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವು ಅವುಗಳ ರಚನೆಯನ್ನು ಅಲ್ಪಸ್ವಲ್ಪ ಬದಲಿಸಿ ಋಣ ವಿದ್ಯುದಂಶವನ್ನು ಕೊಡುತ್ತದೆ. ಡಿಕ್ಯೂ೨ ಅಥವಾ ಡಿಕ್ಯೂ೮ ಎಂಬ ವಂಶವಾಹಿಗಳನ್ನು ಪಡೆದು ಹುಟ್ಟಿದವರ ರಕ್ಷಣಾ ಜೀವಕೋಶಗಳ ಮೇಲೆ, ಬೀಗಕ್ಕೆ ಕೀಲಿಕೈ ಹೊಂದುವಂತೆ, ಈ ಬದಲಾದ ತುಂಡು ಬಿಗಿಯಾಗಿ ಕೂಡುತ್ತದೆ. ಅಲ್ಲಿಂದ ಮುಂದೆ ಕೋಲಾಹಲ. ಬಿಳಿಯ ರಕ್ತಕಣಗಳಲ್ಲಿ ಒಂದು ಪಂಗಡ ಕರುಳಿನ ಹೊದಿಕೆಯ ಜೀವಕೋಶಗಳನ್ನು ಕೊಲ್ಲತೊಡಗುತ್ತದೆ. ಇನ್ನೊಂದು ಪಂಗಡ ಆ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವವನ್ನೇ ಶತ್ರುವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಕ್ತಪರೀಕ್ಷೆಯಲ್ಲಿ ಅಳೆಯುವುದು ಮುಖ್ಯವಾಗಿ ಈ ಪ್ರತಿಕಾಯಗಳನ್ನೇ.

ಜನರಲ್ಲಿ ನೂರಕ್ಕೆ ಮೂವತ್ತು ನಲವತ್ತು ಮಂದಿಗೆ ಈ ವಂಶವಾಹಿಗಳಿರುತ್ತವೆ; ಆದರೂ ಅವರಲ್ಲಿ ಕೆಲವರಿಗೆ ಮಾತ್ರ ರೋಗ ಬರುತ್ತದೆ. ಎಂದಮೇಲೆ ವಂಶವಾಹಿಯು ರೋಗಕ್ಕೆ ಅವಶ್ಯಕ, ಆದರೆ ಅದೊಂದೇ ಸಾಲದು.

ಐದು ದಿನದ ಕೆಲಸಕ್ಕೆ ಐದು ವರ್ಷವೇಕೆ?

ಇಲ್ಲಿ ಒಂದು ಸೋಜಿಗವಿದೆ. ಕರುಳಿನ ಹೊದಿಕೆಯ ಜೀವಕೋಶಗಳು ಕುಳಿಗಳ ತಳದಲ್ಲಿ ಹುಟ್ಟಿ, ಅಂಕುರದ ಮೈಮೇಲೆ ಏರುತ್ತ ಹೋಗಿ, ತುದಿಯನ್ನು ಮುಟ್ಟಿ ಉದುರಿಹೋಗುತ್ತವೆ. ಈ ಯಾತ್ರೆಯೆಲ್ಲ ಮೂರರಿಂದ ಐದು ದಿನಗಳಲ್ಲಿ ಮುಗಿಯುತ್ತದೆ. ಐದು ದಿನಕ್ಕೊಮ್ಮೆ ಹೊಸದಾಗುವ ಹೊದಿಕೆಗೆ ಗಾಯವಾದರೆ, ಗೋಧಿಯನ್ನು ಬಿಟ್ಟ ವಾರದಲ್ಲಿ ಅದು ಮಾಯಬೇಕಲ್ಲವೆ? ಹಾಗೆ ಆಗುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ೨೦೧೦ರಲ್ಲಿ ಪ್ರಕಟಿಸಿದ ೨೪೧ ಮಂದಿ ವಯಸ್ಕರ ಅಧ್ಯಯನದಲ್ಲಿ, ರೋಗ ಪತ್ತೆಯಾದ ಎರಡು ವರ್ಷಗಳ ಹೊತ್ತಿಗೆ ಕರುಳು ಮಾಯಿತೆಂದು ಖಚಿತವಾದದ್ದು ನೂರಕ್ಕೆ ೩೪ ಮಂದಿಯಲ್ಲಿ. ಐದು ವರ್ಷಗಳ ಹೊತ್ತಿಗೆ ೬೬ ಮಂದಿಯಲ್ಲಿ.

ಕಾರಣವನ್ನು ತಿಳಿಯಲು ನಲ್ಲಿಯಿಂದ ನೀರು ಬೀಳುತ್ತಿರುವ, ತಳದಲ್ಲಿ ತೂತುಳ್ಳ ಒಂದು ತೊಟ್ಟಿಯನ್ನು ನೆನೆಯೋಣ. ತೊಟ್ಟಿಯಲ್ಲಿ ನೀರಿನ ಮಟ್ಟ ಎಷ್ಟಿರುತ್ತದೆಂಬುದು ಬೀಳುವ ನೀರೊಂದರಿಂದಲೇ ತೀರ್ಮಾನವಾಗುವುದಿಲ್ಲ; ಬೀಳುವುದಕ್ಕೂ ಸೋರುವುದಕ್ಕೂ ಇರುವ ಸಮತೋಲದಿಂದ ತೀರ್ಮಾನವಾಗುತ್ತದೆ. ಅಂಕುರದ ಎತ್ತರವೂ ಹಾಗೆಯೇ. ದಿನವೊಂದಕ್ಕೆ ಹುಟ್ಟುವ ಜೀವಕೋಶಗಳ ಸಂಖ್ಯೆಯನ್ನು ಒಂದೊಂದರ ಆಯುಸ್ಸಿನಿಂದ ಗುಣಿಸಿದರೆ ಅಂಕುರದ ಮೇಲಿರುವ ಒಟ್ಟು ಜೀವಕೋಶಗಳ ಸಂಖ್ಯೆ ದೊರೆಯುತ್ತದೆ. ರೋಗದಲ್ಲಿ ಕುಳಿಗಳು ಸುಮ್ಮನಿರುವುದಿಲ್ಲ. ಅವು ಆಳವಾಗಿ ಬೆಳೆದು ಮೊದಲಿಗಿಂತ ಹೆಚ್ಚು ಜೀವಕೋಶಗಳನ್ನು ಹುಟ್ಟಿಸುತ್ತವೆ. ಉದಾಹರಣೆಗೆ, ಹುಟ್ಟು ಇಮ್ಮಡಿಯಾಯಿತೆನ್ನೋಣ. ಆದರೆ ಆಯುಸ್ಸು ಎಂಟನೆಯ ಒಂದು ಪಾಲಿಗೆ ಇಳಿದರೆ ಉಳಿಯುವುದು ನಾಲ್ಕನೆಯ ಒಂದು ಪಾಲು ಮಾತ್ರ. ಹೀಗೆ ನಲ್ಲಿಯನ್ನು ಪೂರ್ತಿ ತಿರುವಿದ್ದರೂ ತೊಟ್ಟಿ ಬರಿದಾಗಿರುತ್ತದೆ.

ಆದುದರಿಂದ ಮಾಯುವುದೆಂದರೆ ಹೊಸ ಜೀವಕೋಶಗಳು ಹುಟ್ಟುವುದಲ್ಲ, ಸೋರುವಿಕೆ ನಿಲ್ಲುವುದು. ಗೋಧಿಯನ್ನು ಬಿಟ್ಟ ದಿನವೇ ದಾಳಿ ನಿಲ್ಲುವುದಿಲ್ಲ. ಕೆರಳಿದ ರಕ್ಷಣಾ ಜೀವಕೋಶಗಳು ಗೋಡೆಯಲ್ಲಿ ಬಹುಕಾಲ ಠಾಣ್ಯ ಹೂಡಿರುತ್ತವೆ. ಗ್ಲೂಟನ್ನಿನ ನೆನಪನ್ನು ಹೊತ್ತ ಜೀವಕೋಶಗಳು ಹೋಗುವುದೇ ಇಲ್ಲ. ಹೊದಿಕೆಯ ಕೆಳಗಿನ ಆಧಾರದ ಅಂಗಾಂಶವೂ ಮತ್ತೆ ತನ್ನ ಆಕಾರಕ್ಕೆ ಬರಬೇಕು. ಈ ನಡುವೆ ತಿಳಿಯದೆ ಒಂದಿಷ್ಟು ಗೋಧಿ ಹೊಟ್ಟೆಗೆ ಹೋದರೆ ಸೋರುವಿಕೆ ಮತ್ತೆ ಮೊದಲಾಗುತ್ತದೆ. ಮಕ್ಕಳ ಕರುಳು ವಯಸ್ಕರದಕ್ಕಿಂತ ಬೇಗ ಮಾಯುತ್ತದೆ. ಆದರೂ ಅವರೆಲ್ಲರಲ್ಲಿಯೂ ಮಾಯುತ್ತದೆನ್ನುವಂತಿಲ್ಲ. ಬಾಸ್ಟನ್ನಿನಲ್ಲಿ ೧೦೩ ಮಕ್ಕಳನ್ನು ಕುರಿತು ೨೦೧೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಥ್ಯವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಪಾಲಿಸಿದ್ದರೂ ನೂರಕ್ಕೆ ೧೯ ಮಕ್ಕಳ ಕರುಳು ಇನ್ನೂ ಮಾಯ್ದಿರಲಿಲ್ಲ.

ಹಾಗಿದ್ದರೆ ನಮ್ಮ ವಿದ್ಯಾರ್ಥಿನಿಗೆ ಎರಡೇ ತಿಂಗಳಲ್ಲಿ ಸುಖ ಕಂಡುದು ಹೇಗೆ? ಸಣ್ಣ ಕರುಳು ಹಲವು ಮೀಟರು ಉದ್ದವಾಗಿದೆ. ಊಟವು ಮೊದಲು ತಲಪುವುದು ಅದರ ಮೇಲ್ಭಾಗವನ್ನು. ಗಾಯ ಸಾಮಾನ್ಯವಾಗಿ ತೀವ್ರವಾಗಿರುವುದೂ ಅಲ್ಲಿಯೇ. ಕೆಳಭಾಗ ಚೇತರಿಸಿಕೊಂಡು ಕೆಲಸಕ್ಕೆ ನಿಂತರೆ ದೇಹದ ವ್ಯವಹಾರ ಹೇಗೋ ಸಾಗುತ್ತದೆ. ಅರ್ಧದಷ್ಟು ಆಳುಗಳು ಬಂದರೂ ಕಾರ್ಖಾನೆ ನಡೆಯುವಂತೆ ಇದು. ಸುಖದ ಅನುಭವವು ಸುಳ್ಳಲ್ಲ. ಆದರೆ ಅದು ಕರುಳಿನ ಮೇಲ್ಭಾಗದ ಸ್ಥಿತಿಯ ಅಳತೆಯಲ್ಲ.

ತಕ್ಕಡಿಯಿಂದ ಸೂಕ್ಷ್ಮದರ್ಶಕದವರೆಗೆ

ಈ ರೋಗದ ಚರಿತ್ರೆಯೆಂದರೆ ಅದನ್ನು ಅಳೆಯುವ ಉಪಾಯಗಳ ಚರಿತ್ರೆ. ಗ್ರೀಕ್ ವೈದ್ಯ ಅರೆಟೀಯಸನು ಕ್ರಿ.ಶ. ಎರಡನೆಯ ಶತಮಾನದಷ್ಟು ಹಿಂದೆಯೇ ಇಂಥ ಭೇದಿಯನ್ನು ವರ್ಣಿಸಿದ್ದನು. ೧೮೮೮ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಮಕ್ಕಳಲ್ಲಿ ಈ ರೋಗದ ಸ್ವರೂಪವನ್ನು ವಿವರವಾಗಿ ಬರೆದು, ರೋಗಿಯನ್ನು ಗುಣಪಡಿಸುವುದು ಸಾಧ್ಯವಾದರೆ ಅದು ಪಥ್ಯದಿಂದಲೇ ಎಂದು ಅಭಿಪ್ರಾಯಪಟ್ಟರು. ಆದರೆ ಯಾವ ಪಥ್ಯವೆಂಬುದು ಅವರಿಗೆ ತಿಳಿಯಲಿಲ್ಲ.

ಅದನ್ನು ತಿಳಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ ಗೋಧಿಯ ಮೇಲೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಅನುಮಾನವಿತ್ತು. ೧೯೪೪–೪೫ರ ಚಳಿಗಾಲದ ಕ್ಷಾಮದಲ್ಲಿ ದೇಶದಲ್ಲೆಲ್ಲ ಬ್ರೆಡ್ಡು ದುರ್ಲಭವಾಯಿತು. ಆದರೆ ಸೀಲಿಯಾಕ್ ರೋಗದ ಮಕ್ಕಳ ಸ್ಥಿತಿ ಸುಧಾರಿಸಿತು. ಮತ್ತೆ ಬ್ರೆಡ್ಡು ಬಂದಾಗ ರೋಗ ಮರುಕಳಿಸಿತು. ಡಿಕೆಯವರು ಬರಿಯ ನೋಟವನ್ನು ನಂಬಿ ಕುಳಿತುಕೊಳ್ಳಲಿಲ್ಲ. ಮಕ್ಕಳ ಆಹಾರಕ್ಕೆ ಗೋಧಿಯನ್ನು ಸೇರಿಸಿ, ತೆಗೆದು, ಅವರನ್ನು ಬಹುಕಾಲ ಗಮನಿಸಿ ೧೯೫೦ರಲ್ಲಿ ತಮ್ಮ ಪ್ರಬಂಧವನ್ನು ಒಪ್ಪಿಸಿದರು. ಅವರ ಸಹೋದ್ಯೋಗಿಗಳಾದ ವೈಯರ್ಸ್ ಮತ್ತು ವಾನ್ ಡ ಕಾಮರ್ ಅವರೊಡನೆ ಮಲದಲ್ಲಿ ಹೊರಟುಹೋಗುವ ಕೊಬ್ಬನ್ನು ಅಳೆದು, ಗೋಧಿಯನ್ನು ಕೊಟ್ಟಾಗ ಅದು ಹೆಚ್ಚುವುದನ್ನೂ ಬಿಟ್ಟಾಗ ಇಳಿಯುವುದನ್ನೂ ತೋರಿಸಿದರು. ಈ ರೋಗದಲ್ಲಿ ಚಿಕಿತ್ಸೆಯ ಫಲವನ್ನು ಅಂಕಿಗಳಲ್ಲಿ ಹಿಂಬಾಲಿಸಿದ ಮೊದಲ ಪರೀಕ್ಷೆಗಳಲ್ಲಿ ಇದೊಂದು.

ಆದರೂ ಕರುಳಿನೊಳಗೆ ಏನಾಗಿದೆಯೆಂಬುದನ್ನು ಯಾರೂ ಚೆನ್ನಾಗಿ ಕಂಡಿರಲಿಲ್ಲ. ೧೯೫೪ರಲ್ಲಿ ಇಂಗ್ಲೆಂಡಿನ ಜಾನ್ ಪಾಲಿಯವರು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ತೆಗೆದ ತುಣುಕುಗಳಲ್ಲಿ ಕುಗ್ಗಿದ ಅಂಕುರಗಳನ್ನು ಗುರುತಿಸಿದರು. ಹೊಟ್ಟೆಯನ್ನು ಕೊಯ್ಯದೆಯೇ ತುಣುಕನ್ನು ತೆಗೆಯುವ ನಳಿಕೆಯನ್ನು ಮಾರ್ಗೊಟ್ ಶೈನರ್ ಅವರು ೧೯೫೬ರಲ್ಲಿಯೂ, ನುಂಗಬಹುದಾದ ಒಂದು ಪುಟ್ಟ ಲೋಹದ ಗುಂಡನ್ನು ಕ್ರಾಸ್ಬಿಯವರು ೧೯೫೭ರಲ್ಲಿಯೂ ಬಳಕೆಗೆ ತಂದರು. ಕ್ರಾಸ್ಬಿಯವರ ಗುಂಡಿಗೆ ಒಂದು ಸಣ್ಣ ಕಿಂಡಿ. ಹಿಂದೆ ತೆಳುವಾದ ನಳಿಕೆ. ಗುಂಡು ಕರುಳನ್ನು ತಲಪಿದ ಮೇಲೆ ನಳಿಕೆಯಿಂದ ಗಾಳಿಯನ್ನು ಹೀರಿದರೆ ಕರುಳಿನ ಒಳಮೈ ಕಿಂಡಿಯೊಳಕ್ಕೆ ಸೆಳೆಯಲ್ಪಡುತ್ತದೆ. ಒಳಗಿರುವ ಪುಟ್ಟ ಅಲಗು ತಿರುಗಿ ಅದನ್ನು ಕತ್ತರಿಸುತ್ತದೆ. ಇಂದು ಈ ಕೆಲಸವನ್ನು ಬಾಯಿಯ ಮೂಲಕ ಇಳಿಸುವ ಎಂಡೊಸ್ಕೋಪ್ ಮಾಡುತ್ತದೆ. ತೆಗೆದ ತುಣುಕಿನ ಪರೀಕ್ಷೆಗೆ ಬಯಾಪ್ಸಿ ಎಂದು ಹೆಸರು. ಆರೋಗ್ಯವಂತರಲ್ಲಿ ಅಂಕುರದ ಎತ್ತರವು ಕುಳಿಯ ಆಳಕ್ಕಿಂತ ಸುಮಾರು ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಈ ಪ್ರಮಾಣ ಕುಗ್ಗಿದಷ್ಟೂ ಹಾನಿ ಹೆಚ್ಚು. ಮೈಕೆಲ್ ಮಾರ್ಷ್ ಅವರು ೧೯೯೨ರಲ್ಲಿ ಹಾನಿಯನ್ನು ಮೆಟ್ಟಲು ಮೆಟ್ಟಲಾಗಿ ವಿಂಗಡಿಸಿದ ಕ್ರಮ ಈಗಲೂ ರೂಢಿಯಲ್ಲಿದೆ.

ರಕ್ತಪರೀಕ್ಷೆ ಹೇಳುವುದೇನು, ಹೇಳದಿರುವುದೇನು?

ಪ್ರತಿಕಾಯಗಳು ಎರಗುವುದು ಟ್ರಾನ್ಸ್‌ಗ್ಲುಟಮಿನೇಸಿನ ಮೇಲೆ ಎಂಬುದು ೧೯೯೭ರಲ್ಲಿ ಬರ್ಲಿನ್ನಿನ ಸಂಶೋಧಕರಿಂದ ತಿಳಿದುಬಂದ ಮೇಲೆ ರೋಗವನ್ನು ಪತ್ತೆಹಚ್ಚುವುದು ಬಹಳ ಸುಲಭವಾಯಿತು. ಗೋಧಿಯನ್ನು ತಿನ್ನುತ್ತಿರುವ ರೋಗಿಯಲ್ಲಿ ಈ ಪರೀಕ್ಷೆ ತಪ್ಪುವುದು ಅಪರೂಪ. ಮಕ್ಕಳಲ್ಲಿ ಪ್ರತಿಕಾಯದ ಪ್ರಮಾಣ ಸಾಮಾನ್ಯ ಮಿತಿಗಿಂತ ಹತ್ತು ಪಟ್ಟಿದ್ದು, ಬೇರೆಯಾಗಿ ತೆಗೆದ ರಕ್ತದ ಎರಡನೆಯ ಪರೀಕ್ಷೆಯೂ ಅದನ್ನೇ ಸಾರಿದರೆ ಬಯಾಪ್ಸಿ ಇಲ್ಲದೆಯೇ ರೋಗವನ್ನು ನಿರ್ಣಯಿಸಬಹುದೆಂದು ಯೂರೋಪಿನ ಮಕ್ಕಳ ತಜ್ಞರು ೨೦೨೦ರಲ್ಲಿ ಒಪ್ಪಿದ್ದಾರೆ.

ಆದರೆ ರೋಗವನ್ನು ಪತ್ತೆಹಚ್ಚುವುದು ಬೇರೆ, ಗಾಯ ಮಾಯಿತೆಂದು ಹೇಳುವುದು ಬೇರೆ. ಗೋಧಿಯನ್ನು ಬಿಟ್ಟ ಮೇಲೆ ಪ್ರತಿಕಾಯಗಳು ತಿಂಗಳುಗಟ್ಟಲೆ ಇಳಿಯುತ್ತ ಹೋಗಿ, ಬಹುಮಂದಿಯಲ್ಲಿ ಒಂದೆರಡು ವರ್ಷಗಳಲ್ಲಿ ಸಾಮಾನ್ಯ ಮಿತಿಯನ್ನು ತಲಪುತ್ತವೆ. ಅದು ಶುಭಸೂಚನೆ. ಆದರೆ ಕರುಳು ಮಾಯದೆ ಉಳಿದಿರುವುದನ್ನು ಈ ಪರೀಕ್ಷೆ ಎಷ್ಟರಮಟ್ಟಿಗೆ ಹಿಡಿಯುತ್ತದೆ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಮಾಯದವರಲ್ಲಿ ನೂರಕ್ಕೆ ೫೦ ಮಂದಿಯನ್ನು ಮಾತ್ರ ಅದು ಹಿಡಿಯುತ್ತದೆ. ಮಾಯ್ದವರಲ್ಲಿ ನೂರಕ್ಕೆ ೮೩ ಮಂದಿಯನ್ನು ಮಾಯ್ದವರೆಂದು ಸರಿಯಾಗಿ ಹೇಳುತ್ತದೆ.

ಇದರ ಅರ್ಥವನ್ನು ವಾಚಕರೇ ಕಾಗದದ ಮೇಲೆ ಲೆಕ್ಕಮಾಡಿ ನೋಡಬಹುದು. ಪಥ್ಯದಲ್ಲಿರುವ ೧೦೦ ರೋಗಿಗಳನ್ನು ತೆಗೆದುಕೊಂಡು, ಅವರಲ್ಲಿ ೪೦ ಮಂದಿಯ ಕರುಳು ಇನ್ನೂ ಮಾಯ್ದಿಲ್ಲವೆಂದೂ ೬೦ ಮಂದಿಯದು ಮಾಯ್ದಿದೆಯೆಂದೂ ಇಟ್ಟುಕೊಳ್ಳೋಣ. ಮಾಯದ ೪೦ರಲ್ಲಿ ೨೦ ಮಂದಿಗೆ ಪರೀಕ್ಷೆ ‘ದೋಷವಿದೆ’ ಎನ್ನುತ್ತದೆ, ೨೦ ಮಂದಿಗೆ ‘ಇಲ್ಲ’ ಎನ್ನುತ್ತದೆ. ಮಾಯ್ದ ೬೦ರಲ್ಲಿ ೫೦ ಮಂದಿಗೆ ‘ಇಲ್ಲ’ ಎನ್ನುತ್ತದೆ, ೧೦ ಮಂದಿಗೆ ಸುಮ್ಮನೆ ‘ಇದೆ’ ಎನ್ನುತ್ತದೆ. ಈಗ ‘ದೋಷವಿಲ್ಲ’ ಎನಿಸಿಕೊಂಡವರನ್ನೆಲ್ಲ ಎಣಿಸಿರಿ: ೫೦ ಮತ್ತು ೨೦, ಒಟ್ಟು ೭೦. ಅವರಲ್ಲಿ ೨೦ ಮಂದಿಯ ಕರುಳಿನಲ್ಲಿ ಗಾಯ ಇನ್ನೂ ಇದೆ. ಸಂತೋಷದಿಂದ ಮನೆಗೆ ಹೋಗುವ ಏಳು ಮಂದಿಯಲ್ಲಿ ಇಬ್ಬರ ಸಂತೋಷಕ್ಕೆ ಆಧಾರವಿಲ್ಲ! ಹಾಗೆಂದು ಪರೀಕ್ಷೆ ನಿಷ್ಪ್ರಯೋಜಕವಲ್ಲ. ‘ದೋಷವಿದೆ’ ಎಂದ ೩೦ರಲ್ಲಿ ೨೦ ಮಂದಿಗೆ ನಿಜವಾಗಿಯೂ ದೋಷವಿದೆಯಾದುದರಿಂದ ಆ ಎಚ್ಚರಿಕೆಯನ್ನು ಅಲಕ್ಷಿಸುವಂತಿಲ್ಲ. ತಪ್ಪಿರುವುದು ಉಪಕರಣದಲ್ಲಲ್ಲ, ಅದು ಅಳೆಯದಿರುವುದನ್ನು ಅಳೆಯಿತೆಂದು ನಾವು ತಿಳಿಯುವುದರಲ್ಲಿ. ಉಷ್ಣತಾಮಾಪಕವು ಜ್ವರವನ್ನು ಹೇಳುತ್ತದೆಯೇ ಹೊರತು ಜ್ವರದ ಕಾರಣವನ್ನು ಹೇಳುವುದಿಲ್ಲ. ಹಾಗೆಯೇ ಪ್ರತಿಕಾಯಗಳು ದಾಳಿಯ ಗದ್ದಲವನ್ನು ಅಳೆಯುತ್ತವೆ, ಬಿದ್ದ ಗೋಡೆಯ ಎತ್ತರವನ್ನಲ್ಲ.

ಇನ್ನೆರಡು ಎಚ್ಚರಿಕೆಗಳುಂಟು. ಈ ಪರೀಕ್ಷೆಯ ಏಕಮಾನಗಳು ಮೀಟರು, ಕಿಲೋಗ್ರಾಮುಗಳಂತೆ ಎಲ್ಲೆಡೆಯೂ ಒಂದೇ ಆಗಿಲ್ಲ. ಒಂದು ಪ್ರಯೋಗಶಾಲೆಯ ೪೦ನ್ನು ಇನ್ನೊಂದರ ೪೦ರೊಡನೆ ಹೋಲಿಸುವಂತಿಲ್ಲ. ಏರಿತೇ ಇಳಿಯಿತೇ ಎಂದು ತಿಳಿಯಬೇಕಾದರೆ ಪ್ರತಿಸಲವೂ ಒಂದೇ ಕಡೆ, ಒಂದೇ ವಿಧಾನದಿಂದ ಮಾಡಿಸುವುದು ಲೇಸು. ಎರಡನೆಯದಾಗಿ, ಸೀಲಿಯಾಕ್ ರೋಗಿಗಳಲ್ಲಿ ನೂರಕ್ಕೆ ಇಬ್ಬರು ಮೂವರಿಗೆ ಐಜಿಎ ಎಂಬ ವರ್ಗದ ಪ್ರತಿಕಾಯವೇ ಹುಟ್ಟುವುದಿಲ್ಲ. ಅವರಲ್ಲಿ ಐಜಿಎ ಪರೀಕ್ಷೆಯು ಯಾವಾಗಲೂ ‘ಇಲ್ಲ’ ಎಂದೇ ಹೇಳುತ್ತದೆಯಾದ್ದರಿಂದ ಐಜಿಜಿ ವರ್ಗದ ಪರೀಕ್ಷೆಯನ್ನು ಮಾಡಿಸಬೇಕಾಗುತ್ತದೆ.

ಮತ್ತೆ ಬಯಾಪ್ಸಿ ಯಾರಿಗೆ?

ಹಾಗಿದ್ದರೆ ಎಲ್ಲರೂ ಮತ್ತೆ ಮತ್ತೆ ಬಯಾಪ್ಸಿ ಮಾಡಿಸಬೇಕೆ? ಇಲ್ಲಿ ತಜ್ಞರಲ್ಲಿ ಪೂರ್ಣ ಒಮ್ಮತವಿಲ್ಲ. ಗಾಯ ಉಳಿದರೆ ಏನು ಅಪಾಯವೆಂಬುದರ ಮೇಲೆ ಉತ್ತರ ನಿಂತಿದೆ. ಸ್ವೀಡನ್ನಿನಲ್ಲಿ ಎರಡನೆಯ ಬಯಾಪ್ಸಿ ಮಾಡಿಸಿಕೊಂಡ ೭,೬೨೫ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ೪೩ ಮಂದಿಯ ಅಂಕುರಗಳು ಇನ್ನೂ ಕುಗ್ಗಿದ್ದುವು. ದುಗ್ಧರಸ ಜೀವಕೋಶಗಳ ಕ್ಯಾನ್ಸರು ಸಾಮಾನ್ಯ ಜನರಿಗಿಂತ ಇವರಲ್ಲಿ ಸುಮಾರು ೩.೮ ಪಟ್ಟು ಕಂಡುಬಂದಿತು. ಕರುಳು ಮಾಯ್ದವರಲ್ಲಾದರೋ ಅದು ೧.೫ ಪಟ್ಟು ಮಾತ್ರ, ಮತ್ತು ಅಷ್ಟು ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಈ ಸಂಖ್ಯೆಗಳನ್ನು ಕಂಡು ಹೆದರಬೇಕಾಗಿಲ್ಲ. ಆ ಕ್ಯಾನ್ಸರೇ ಅಪರೂಪವಾದುದು. ಅಪರೂಪದ ನಾಲ್ಕು ಪಟ್ಟೂ ಅಪರೂಪವೇ. ಅದೇ ಸಂಶೋಧಕರು ಸಾವಿನ ಪ್ರಮಾಣವನ್ನು ನೋಡಿದಾಗ ಮಾಯದವರಿಗೂ ಮಾಯ್ದವರಿಗೂ ಗಣನೀಯ ಅಂತರ ಕಾಣಲಿಲ್ಲ. ಆದರೂ ಗಾಯ ಮಾಯುವುದು ಅಲಕ್ಷಿಸತಕ್ಕ ವಿಷಯವಲ್ಲವೆಂಬುದು ಇದರಿಂದ ಸ್ಪಷ್ಟ.

ವಯಸ್ಕರಲ್ಲಿ ಸುಮಾರು ಎರಡು ವರ್ಷಗಳಾದ ಮೇಲೆ ಮತ್ತೊಂದು ಬಯಾಪ್ಸಿಯ ವಿಚಾರವನ್ನು ವೈದ್ಯರೂ ರೋಗಿಯೂ ಕೂಡಿ ಆಲೋಚಿಸಿ ನಿರ್ಧರಿಸುವುದು ಯುಕ್ತವೆಂದು ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೊಎಂಟರಾಲಜಿಯ ೨೦೨೩ರ ಮಾರ್ಗಸೂಚಿ ಹೇಳುತ್ತದೆ. ಪಥ್ಯದಲ್ಲಿದ್ದರೂ ತೊಂದರೆ ನಿಲ್ಲದವರಿಗೆ, ನಿಂತದ್ದು ಮರುಕಳಿಸಿದವರಿಗೆ ಇದು ಬಹುಮಟ್ಟಿಗೆ ಅನಿವಾರ್ಯ. ಚೆನ್ನಾಗಿ ಬೆಳೆಯುತ್ತಿರುವ, ಪ್ರತಿಕಾಯಗಳು ಇಳಿದಿರುವ ಮಕ್ಕಳಿಗೆ ಸಾಮಾನ್ಯವಾಗಿ ಬೇಡ. ಬಯಾಪ್ಸಿಯೂ ದೋಷರಹಿತವಲ್ಲ. ಗಾಯವು ಚಾಪೆಯಂತೆ ಸಮನಾಗಿರದೆ ತೇಪೆ ತೇಪೆಯಾಗಿರಬಹುದು. ಆದುದರಿಂದ ಒಂದೇ ತುಣುಕನ್ನು ನಂಬದೆ ಹಲವು ತುಣುಕುಗಳನ್ನು ತೆಗೆಯುತ್ತಾರೆ. ತುಣುಕನ್ನು ಓರೆಯಾಗಿ ಕತ್ತರಿಸಿದರೆ ಉದ್ದನೆಯ ಅಂಕುರವೂ ಗಿಡ್ಡವಾಗಿ ಕಾಣುತ್ತದೆ.

ಕರುಳನ್ನು ಬಿಟ್ಟು ನೋಡಬೇಕಾದುವೂ ಇವೆ: ರಕ್ತದ ಹಿಮೊಗ್ಲೋಬಿನ್ ಮತ್ತು ಕಬ್ಬಿಣ, ಬಿ೧೨ ಮತ್ತು ಡಿ ಜೀವಸತ್ವಗಳು, ಥೈರಾಯಿಡ್ ಗ್ರಂಥಿಯ ಕೆಲಸ, ವಯಸ್ಕರಲ್ಲಿ ಮೂಳೆಯ ಸಾಂದ್ರತೆ. ಮೊದಲ ವರ್ಷದಲ್ಲಿ ಆರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ವೈದ್ಯರನ್ನು ಕಾಣುವುದು ರೂಢಿ. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿಯೂ ನೂರಕ್ಕೆ ಏಳೆಂಟು ಮಂದಿಗೆ ಈ ರೋಗವಿರುವುದರಿಂದ ಅವರನ್ನೂ ಪರೀಕ್ಷಿಸುವುದು ಒಳ್ಳೆಯದು. ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಟ್ಟುಬಿಡಬಾರದು. ಬಿಟ್ಟರೆ ಪ್ರತಿಕಾಯಗಳು ಇಳಿದು, ಇರುವ ರೋಗವೂ ಇಲ್ಲವೆಂದು ತೋರಬಹುದು.

ಎಷ್ಟು ಅಂಟು ಹಾನಿಕರ?

ಕರುಳು ಮಾಯದಿರಲು ಅತಿ ಸಾಮಾನ್ಯವಾದ ಕಾರಣ ತಿಳಿಯದೆ ಹೊಟ್ಟೆಗೆ ಹೋಗುವ ಗ್ಲೂಟನ್. ಎಷ್ಟು ಹೋದರೆ ಹಾನಿ? ಇಟಲಿಯಲ್ಲಿ ೪೯ ಮಂದಿ ರೋಗಿಗಳಿಗೆ ೯೦ ದಿನಗಳ ಕಾಲ ದಿನವೂ ಒಂದೊಂದು ಗುಳಿಗೆ ಕೊಟ್ಟು ನೋಡಿದರು. ಕೆಲವರ ಗುಳಿಗೆಯಲ್ಲಿ ೫೦ ಮಿಲಿಗ್ರಾಂ ಗ್ಲೂಟನ್, ಕೆಲವರದರಲ್ಲಿ ೧೦, ಉಳಿದವರದರಲ್ಲಿ ಏನೂ ಇಲ್ಲ. ೨೦೦೭ರಲ್ಲಿ ಪ್ರಕಟವಾದ ಫಲಿತಾಂಶದಂತೆ ದಿನಕ್ಕೆ ೫೦ ಮಿಲಿಗ್ರಾಂ ತಿಂದವರ ಅಂಕುರಗಳು ಕುಗ್ಗಿದುವು.

ಐವತ್ತು ಮಿಲಿಗ್ರಾಂ ಎಂದರೆ ಎಷ್ಟು? ನೂರು ಗ್ರಾಂ ಗೋಧಿಹಿಟ್ಟಿನಲ್ಲಿ ಸುಮಾರು ೮ ಗ್ರಾಂ ಗ್ಲೂಟನ್ ಇದೆಯೆಂದಿಟ್ಟುಕೊಂಡರೆ, ೩೦ ಗ್ರಾಂ 
ಹಿಟ್ಟಿನ ಒಂದು ಚಪಾತಿಯಲ್ಲಿ ೨,೪೦೦ ಮಿಲಿಗ್ರಾಂ ಇರುತ್ತದೆ. ಆ ಚಪಾತಿಯ ಐವತ್ತನೆಯ ಒಂದು ಪಾಲು, ಎಂದರೆ ಉಗುರಿನಷ್ಟು ಚೂರು, ದಿನವೂ ಹೋದರೆ ಸಾಕು. ಗ್ಲೂಟನ್ ಇಲ್ಲವೆಂದು ಚೀಟಿ ಹಚ್ಚಿ ಮಾರುವ ಆಹಾರದ ಒಂದು ಕಿಲೋಗ್ರಾಮಿನಲ್ಲಿ ೨೦ ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂದು ಅಂತರರಾಷ್ಟ್ರೀಯ ನಿಯಮವೂ ನಮ್ಮ ದೇಶದ ನಿಯಮವೂ ವಿಧಿಸಿವೆ. ಅಂಥ ಆಹಾರವನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ ಹೊಟ್ಟೆಗೆ ಹೋಗುವುದು ಹೆಚ್ಚೆಂದರೆ ೧೦ ಮಿಲಿಗ್ರಾಂ.

ಅಷ್ಟು ಅಲ್ಪ ಪ್ರಮಾಣ ಎಲ್ಲಿಂದಲಾದರೂ ನುಸುಳೀತು. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿಗಳ ರವೆ ಗೋಧಿಯದೇ ಎಂಬುದನ್ನು ಅನೇಕರು ಮರೆಯುತ್ತಾರೆ. ಅಂಗಡಿಯ ಇಂಗಿಗೆ ಗೋಧಿಹಿಟ್ಟನ್ನು ಬೆರೆಸಿರುವುದುಂಟು. ಪೂರಿ ಕರಿದ ಎಣ್ಣೆಯಲ್ಲಿಯೇ ಹಪ್ಪಳವನ್ನೂ ಕರಿಯುತ್ತಾರೆ. ರಾಗಿ, ಜೋಳಗಳಲ್ಲಿ ದೋಷವಿಲ್ಲ; ಆದರೆ ಗೋಧಿ ಬೀಸಿದ ಗಿರಣಿಯಲ್ಲಿ ಅವನ್ನು ಬೀಸಿದರೆ ದೋಷ ತಾನಾಗಿ ಸೇರುತ್ತದೆ. ಆದ್ದರಿಂದ ಕರುಳು ಮಾಯಲಿಲ್ಲವೆಂದೊಡನೆ ರೋಗಿಯ ಮೇಲೆ ಕದ್ದು ತಿಂದ ಆರೋಪ ಹೊರಿಸುವುದು ಅನ್ಯಾಯ. ಇತ್ತೀಚೆಗೆ ಮೂತ್ರದಲ್ಲಿಯೂ ಮಲದಲ್ಲಿಯೂ ಗ್ಲೂಟನ್ನಿನ ಜೀರ್ಣವಾಗದ ತುಂಡುಗಳನ್ನು ಹುಡುಕುವ ಪರೀಕ್ಷೆಗಳು ಬಂದಿವೆ. ಇವು ಕಳೆದ ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಗ್ಲೂಟನ್ ಹೊಟ್ಟೆಗೆ ಹೋಯಿತೆ ಎಂಬುದನ್ನು ಹೇಳುತ್ತವೆ. ಗಾಯದ ವಿಷಯವಾಗಿ ಏನನ್ನೂ ಹೇಳುವುದಿಲ್ಲ.

ದಕ್ಷಿಣದವರಿಗೆ ಇದು ಸಂಬಂಧಿಸಿದ್ದೆ?

ಇದು ಗೋಧಿಯುಣ್ಣುವ ಉತ್ತರದವರ ರೋಗ, ನಮಗೇಕೆ ಎಂದು ಕೆಲವರು ಕೇಳಬಹುದು. ನಮ್ಮ ದೇಶದ ಮೂರು ಭಾಗಗಳಲ್ಲಿ ನಡೆಸಿ ೨೦೧೬ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಈ ರೋಗ ಉತ್ತರದಲ್ಲಿ ನೂರಕ್ಕೆ ೧.೨೩, ಈಶಾನ್ಯದಲ್ಲಿ ೦.೮೭, ದಕ್ಷಿಣದಲ್ಲಿ ೦.೧೦ರಷ್ಟು ಮಂದಿಯಲ್ಲಿ ಕಂಡಿತು. ಆದರೆ ರೋಗಕ್ಕೆ ಅವಶ್ಯಕವಾದ ವಂಶವಾಹಿಗಳು ದಕ್ಷಿಣದವರಲ್ಲಿಯೂ ಹೆಚ್ಚುಕಡಮೆ ಉತ್ತರದವರಷ್ಟೇ ಇದ್ದುವು. ದೊಡ್ಡ ಅಂತರವಿದ್ದದ್ದು ಊಟದ ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ ೪೫೫ ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು ೨೫ ಗ್ರಾಂ. ಈಶಾನ್ಯದಲ್ಲಿ ಗೋಧಿ ಕಡಮೆಯಿದ್ದರೂ ರೋಗ ಅಷ್ಟೊಂದಿರುವುದರಿಂದ ಗೋಧಿಯೊಂದೇ ಎಲ್ಲಕ್ಕೂ ಕಾರಣವೆನ್ನಲಾಗದು. ಆದರೂ ಮುದ್ದೆಯ ಜಾಗಕ್ಕೆ ಚಪಾತಿ, ಬನ್ನು, ಬಿಸ್ಕತ್ತುಗಳು ಬರುತ್ತಿರುವ ನಮ್ಮ ಊರುಗಳಲ್ಲಿ ವೈದ್ಯರೂ ಜನರೂ ಈ ರೋಗವನ್ನು ನೆನಪಿನಲ್ಲಿಡುವುದು ಮೇಲು.

ಈಗ ನಮ್ಮ ವಿದ್ಯಾರ್ಥಿನಿಯ ಕಡೆಗೆ ಮರಳೋಣ. ಅವಳ ಸುಖ ನಿಜ. ರಕ್ತಪರೀಕ್ಷೆಯ ಮಾತೂ ನಿಜ. ಎರಡೂ ಅವಳು ಸರಿಯಾದ ದಾರಿಯಲ್ಲಿದ್ದಾಳೆಂದು ಹೇಳುತ್ತವೆ. ಊರು ತಲಪಿದಳೆಂದು ಹೇಳುವುದಿಲ್ಲ. ಅಂಕುರಗಳು ಪೂರ್ತಿ ಎದ್ದು ನಿಂತಿವೆಯೆಂದು ನಾಳೆ ಬಯಾಪ್ಸಿಯೇ ಸಾರಿದರೂ ಹೋಳಿಗೆಗೆ ಅಪ್ಪಣೆ ದೊರೆಯುವುದಿಲ್ಲ. ಏಕೆಂದರೆ ಮಾಯ್ದದ್ದು ಗಾಯವೇ ಹೊರತು ಗ್ಲೂಟನ್ನಿನ ನೆನಪಲ್ಲ. ತೂತನ್ನು ಮುಚ್ಚಿಟ್ಟಿರುವುದರಿಂದ ತೊಟ್ಟಿ ತುಂಬಿದೆ. ತೆರೆದರೆ ಮತ್ತೆ ಬರಿದಾಗುತ್ತದೆ.

ಹಬ್ಬದ ಅಡುಗೆ ಮಾಡುವವರು ಅವಳಿಗಾಗಿ ಬೇರೆ ಬಾಣಲೆಯಲ್ಲಿ, ಬೇರೆ ಎಣ್ಣೆಯಲ್ಲಿ, ಶುದ್ಧವಾದ ಅಕ್ಕಿಹಿಟ್ಟಿನ ಕಜ್ಜಾಯವನ್ನು ಕರಿದುಕೊಡಬಹುದು. ಅದು ಅವಳಿಗೆ ಯಾವ ಔಷಧಿಗೂ ಕಡಮೆಯಾದುದಲ್ಲ.